ಮಕ್ಕಳ ಶಾಲೆಯೂ ಕೋವಿಯ ಕಾಯಿದೆಯೂ

ನಿವೃತ್ತನಾದ ಮೇಲೆ ಮೊದಲ ಸಲ ಮಗಳ ಮನೆಗೆಂದು ಅಮೆರಿಕಾ ದೇಶಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದೆನು. ಅಲ್ಲಿಯ ರಸ್ತೆಗಳ ವೈಶಾಲ್ಯವನ್ನೂ ಪುಸ್ತಕಭಂಡಾರಗಳ ಸೊಗಸನ್ನೂ ಕುರಿತು ನಾಲ್ಕು ಮಾತು ಬರೆಯಬೇಕೆಂದು ಮಿತ್ರರು ಕೇಳಿದ್ದುಂಟು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ. ನನ್ನ ಮನಸ್ಸಿನಲ್ಲಿ ನಿಂತುಹೋದದ್ದು ಬೇರೊಂದು.

ಒಂದು ಸಾಯಂಕಾಲ ಆರು ವರ್ಷದ ಮೊಮ್ಮಗಳು ಶಾಲೆಯಿಂದ ಬಂದು ಹಾಲು ಕುಡಿಯುತ್ತ, "ತಾತ, ಈ ದಿವಸ ನಾವೆಲ್ಲ ಒಂದಿಷ್ಟೂ ಸದ್ದು ಮಾಡದೆ ಕೂತಿದ್ದೆವು. ನಾನೇ ಎಲ್ಲರಿಗಿಂತ ಚೆನ್ನಾಗಿ ಕೂತಿದ್ದೆನೆಂದು ಟೀಚರು ಹೇಳಿದರು" ಎಂದಳು. ಪ್ರಾರ್ಥನೆಯೋ ಧ್ಯಾನವೋ ಇರಬೇಕೆಂದು ನಾನು ಸಂತೋಷಪಟ್ಟು, ಎಷ್ಟು ಹೊತ್ತು ಕುಳಿತಿದ್ದಿರಿ, ಏನನ್ನು ನೆನೆದಿರಿ ಎಂದು ವಿಚಾರಿಸಿದೆನು. ಮಗುವು ವಿವರಿಸಿತು. ಉಪಾಧ್ಯಾಯಿನಿಯು ಬಾಗಿಲಿಗೆ ಬೀಗ ಹಾಕಿ, ದೀಪಗಳನ್ನು ಆರಿಸಿ, ಕಿಟಕಿಯ ತೆರೆಯನ್ನು ಎಳೆಯುವಳು. ಮಕ್ಕಳೆಲ್ಲರೂ ಬಾಗಿಲಿನಿಂದ ನೋಡಿದರೆ ಕಾಣದಂಥ ಮೂಲೆಯಲ್ಲಿ ಒತ್ತೊತ್ತಾಗಿ ಕುಳಿತು ತುಟಿಯ ಮೇಲೆ ಬೆರಳಿಡಬೇಕು. ಹೊರಗಿನಿಂದ ಯಾರು ಬಾಗಿಲು ಬಡಿದರೂ ಉತ್ತರ ಕೊಡಕೂಡದು. "ಯಾರು ಬಡಿಯುತ್ತಾರಮ್ಮ?" ಎಂದು ಕೇಳಿದೆ. "ಕೆಟ್ಟವನು" ಎಂದು ಹೇಳಿ ಮಗು ಲೋಟವನ್ನು ಕೆಳಗಿಟ್ಟು ಆಡುವುದಕ್ಕೆ ಓಡಿತು. ಅಡಿಗೆಮನೆಯಲ್ಲಿದ್ದ ಮಗಳು ನನ್ನ ಕಡೆಗೆ ತಿರುಗಲಿಲ್ಲ. ರಾತ್ರಿ ಮಗು ಮಲಗಿದ ಬಳಿಕ, "ಇದಕ್ಕೆ ಲಾಕ್‌ಡೌನ್ ಡ್ರಿಲ್ ಎನ್ನುತ್ತಾರಪ್ಪ. ಬೆಂಕಿ ಬಿದ್ದರೆ ಹೇಗೆ ಹೊರಕ್ಕೆ ಬರಬೇಕೆಂದು ಅಭ್ಯಾಸ ಮಾಡಿಸುವ ಹಾಗೆಯೇ, ಕೋವಿ ಹಿಡಿದವನು ಶಾಲೆಗೆ ನುಗ್ಗಿದರೆ ಹೇಗೆ ಅಡಗಬೇಕೆಂದು ಅಭ್ಯಾಸ ಮಾಡಿಸುತ್ತಾರೆ. ಇಲ್ಲಿ ಎಲ್ಲರಿಗೂ ರೂಢಿಯಾಗಿಹೋಗಿದೆ" ಎಂದಳು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಶಾಲೆಗಳಲ್ಲಿ ಬೀಗವೆಂಬುದು ಬೇಸಗೆಯ ರಜಾದಲ್ಲಿ ಮಾತ್ರ ಬೀಳುವ ವಸ್ತುವಾಗಿದ್ದಿತು. ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡೇ ಗಂಟೆ. ಬಾಗಿಲು ತೆರೆದಿದ್ದುದರಿಂದ ಆಡುಗಳು ಒಳಕ್ಕೆ ಬಂದು ಹಾಜರಿ ಪುಸ್ತಕವನ್ನು ಮೂಸಿನೋಡುವುದುಂಟು. ಹೆಂಚಿನ ಸಂದಿಯಿಂದ ಇಳಿಯುವ ಕೇರೆಹಾವೇ ನಮ್ಮ ಅತ್ಯಂತ ದೊಡ್ಡ ಭಯ. ಶಾಲೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳಬೇಕೆಂಬ ಯೋಚನೆಯು ನನಗೆ ಒಂದೇ ಒಂದು ಸಲ ಬಂದಿದ್ದಿತು. ಅದು 1996ನೆಯ ಇಸವಿಯ ಮಾರ್ಚಿ ತಿಂಗಳು. ಪರೀಕ್ಷೆಯ ಕಾಲ. ಬೆಳಿಗ್ಗೆ ವೃತ್ತಪತ್ರಿಕೆಯನ್ನು ಬಿಡಿಸಿ, ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ವರ್ತಮಾನವನ್ನು ಓದಿ, ಆ ದಿನ ಪಾಠ ಹೇಳಲಾರದೆ ಮಕ್ಕಳಿಗೆ ಶುದ್ಧಬರಹದ ಕೆಲಸ ಕೊಟ್ಟು ಸುಮ್ಮನೆ ಕುಳಿತಿದ್ದೆನು.

ಡನ್‌ಬ್ಲೇನ್ ಎಂಬುದು ಸ್ಟರ್ಲಿಂಗ್ ನಗರದ ಬಳಿಯಿರುವ ಒಂದು ಸಣ್ಣ ಪಟ್ಟಣ. ಮಾರ್ಚಿ 13ನೆಯ ತಾರೀಖು ಬುಧವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆಯ ಸುಮಾರಿಗೆ ಅಲ್ಲಿಯ ಪ್ರಾಥಮಿಕ ಶಾಲೆಯ ವ್ಯಾಯಾಮಮಂದಿರದಲ್ಲಿ ಮೊದಲನೆಯ ತರಗತಿಯ 28 ಮಕ್ಕಳು ಸೇರಿದ್ದರು. ಐದಾರು ವರ್ಷದ ಕೂಸುಗಳು. ನಾಲ್ವತ್ತಮೂರು ವರ್ಷದ ಒಬ್ಬ ಮನುಷ್ಯನು ಒಳಕ್ಕೆ ಬಂದನು. ಅವನ ಹೆಸರನ್ನು ಬರೆಯುವ ಅಗತ್ಯವನ್ನು ಕಾಣೆನು. ಅವನ ಬಳಿಯಲ್ಲಿ ಎರಡು ಪಿಸ್ತೂಲುಗಳು, ಎರಡು ರಿವಾಲ್ವರುಗಳು, ಏಳು ನೂರಕ್ಕೂ ಮಿಕ್ಕ ತೋಟಾಗಳು ಇದ್ದುವು. ಮೂರು ನಾಲ್ಕು ನಿಮಿಷಗಳಲ್ಲಿ ಒಂದೇ ಪಿಸ್ತೂಲಿನಿಂದ 105 ಗುಂಡುಗಳನ್ನು ಹಾರಿಸಿ, 16 ಮಕ್ಕಳನ್ನೂ ಅವರನ್ನು ಕಾಪಾಡಲೆತ್ನಿಸಿದ ಉಪಾಧ್ಯಾಯಿನಿಯನ್ನೂ ಕೊಂದು, ಕಟ್ಟಕಡೆಗೆ ತನ್ನನ್ನೂ ಕೊಂದುಕೊಂಡನು. ಮುಂದೆ ಟೆನ್ನಿಸ್ ಆಟದಲ್ಲಿ ಜಗತ್ಪ್ರಸಿದ್ಧನಾಗಿ 2013ರಲ್ಲಿ ವಿಂಬಲ್ಡನ್ನನ್ನು ಗೆದ್ದ ಆಂಡಿ ಮರ್ರಿಯು ಆ ದಿನ ಅದೇ ಶಾಲೆಯಲ್ಲಿದ್ದ ಎಂಟು ವರ್ಷದ ಬಾಲಕ.

ವಾಚಕ ಮಹಾಶಯರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ನಾಲ್ಕು ಆಯುಧಗಳಲ್ಲಿ ಒಂದಾದರೂ ಕದ್ದದ್ದಲ್ಲ, ಕಳ್ಳಸಂತೆಯಲ್ಲಿ ಕೊಂಡದ್ದೂ ಅಲ್ಲ. ಎಲ್ಲಕ್ಕೂ ಪೋಲೀಸಿನವರು ಕೊಟ್ಟ ಲೈಸೆನ್ಸು ಇದ್ದಿತು. 1977ರಿಂದಲೂ ಅವನು ಲೈಸೆನ್ಸುದಾರ. ಬಂದೂಕಿನ ಕ್ಲಬ್ಬಿನಲ್ಲಿ ಗುರಿ ಹೊಡೆಯುವ ವಿನೋದವೇ ಅದಕ್ಕೆ ಕೊಟ್ಟಿದ್ದ ಕಾರಣ. ಹುಡುಗರ ಸಂಘಗಳನ್ನು ನಡೆಸುತ್ತಿದ್ದ ಇವನ ನಡತೆಯ ಮೇಲೆ ತಂದೆತಾಯಿಗಳ ದೂರುಗಳು ಬಂದಿದ್ದುವು. ಇವನ ಕೈಯಲ್ಲಿ ಆಯುಧವಿರುವುದು ತರವಲ್ಲ, ಲೈಸೆನ್ಸನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು 1991ರಲ್ಲಿಯೇ ಒಬ್ಬ ಪೋಲೀಸ್ ಅಧಿಕಾರಿ ಬರೆದು ತಿಳಿಸಿದ್ದನು. ಮೇಲಧಿಕಾರಿಗಳು ಅದನ್ನು ಕಾರ್ಯಕ್ಕೆ ತರಲಿಲ್ಲ. 1995ರಲ್ಲಿ ಲೈಸೆನ್ಸು ಪುನಃ ನವೀಕರಣಗೊಂಡಿತು. ಶಾಲೆಯ ಕಡತಗಳನ್ನು ಬಹುಕಾಲ ನೋಡಿರುವ ನನಗೆ ಇದೊಂದು ಅಪೂರ್ವ ಸಂಗತಿಯಾಗಿ ಕಾಣಲಿಲ್ಲ. ಒಬ್ಬನು ಎಚ್ಚರಿಸಿ ಬರೆಯುವನು. ಮತ್ತೊಬ್ಬನು ಓದಿ, ಸಾಕಷ್ಟು ಆಧಾರವಿಲ್ಲವೆಂದು ಕಟ್ಟಿಡುವನು. ಆ ಕಡತವು ಎಮ್ಮೆ ಕಳೆದ ವಿಷಯವಾಗಿದ್ದರೂ ಹೀಗೆಯೇ, ಮಕ್ಕಳ ಪ್ರಾಣದ ವಿಷಯವಾಗಿದ್ದರೂ ಹೀಗೆಯೇ.

ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಒಂದು ಪ್ರಸಂಗವುಂಟು. ದ್ರೋಣಾಚಾರ್ಯರು ಬ್ರಹ್ಮಶಿರಾಸ್ತ್ರವನ್ನು ಅರ್ಜುನನಿಗೆ ಸಂತೋಷದಿಂದ ಕೊಟ್ಟರು. ಇದನ್ನು ಸಹಿಸಲಾರದೆ ಅಶ್ವತ್ಥಾಮನು ತನಗೂ ಬೇಕೆಂದು ತಂದೆಯನ್ನು ಕಾಡಿದನು. ಮಗನ ಚಾಪಲ್ಯವನ್ನು ತಂದೆಯು ಬಲ್ಲನು. ಆದರೂ ಪುತ್ರವ್ಯಾಮೋಹವು ದೊಡ್ಡದಷ್ಟೆ! ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟು, ಎಂಥ ಆಪತ್ತು ಬಂದರೂ ಇದನ್ನು ಮನುಷ್ಯರ ಮೇಲೆ ಬಿಡಕೂಡದೆಂದು ಕಟ್ಟುಮಾಡಿದನು. ಕಟ್ಟು ಎಷ್ಟರ ಮಟ್ಟಿಗೆ ನಿಂತಿತೆಂಬುದನ್ನು ಎಲ್ಲರೂ ಬಲ್ಲರು. ಮಲಗಿದ್ದ ದ್ರೌಪದಿಯ ಮಕ್ಕಳನ್ನು ರಾತ್ರಿಯಲ್ಲಿ ಕೊಂದವನೇ ಆ ಅಸ್ತ್ರವನ್ನೂ ಬಿಟ್ಟನು. ಅರ್ಜುನನು ಪ್ರತಿಯಾಗಿ ಬಿಟ್ಟ ತನ್ನ ಅಸ್ತ್ರವನ್ನು ಋಷಿಗಳ ಮಾತಿನಿಂದ ಉಪಸಂಹಾರ ಮಾಡಿದನು. ಅಶ್ವತ್ಥಾಮನಿಗೆ ಅದು ಶಕ್ಯವಾಗಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದಾಗ ನಾವು ಅಶ್ವತ್ಥಾಮನನ್ನು ಮಾತ್ರ ಬಯ್ದೆವು. ಈಗ ನನಗೆ ದ್ರೋಣಾಚಾರ್ಯರ ಮೇಲೆಯೇ ಹೆಚ್ಚು ಬೇಸರ. ತಿಳಿದೂ ಕೊಟ್ಟವನು ಅವನಲ್ಲವೆ?

ಅದು ಹಾಗಿರಲಿ. ಮಕ್ಕಳನ್ನು ಕಳೆದುಕೊಂಡ ಊರಿನವರು ಅತ್ತು ಸುಮ್ಮನಾಗಲಿಲ್ಲ. ಆ ಚಳಿನಾಡಿನಲ್ಲಿ ಮಾರ್ಚಿ ತಿಂಗಳಲ್ಲಿ ಅರಳುವ ಹೂವೆಂದರೆ ಸ್ನೋಡ್ರಾಪ್ ಎಂಬ ಬಿಳಿಯ ಪುಟ್ಟ ಹೂ. ಅದರ ಹೆಸರಿನಲ್ಲಿ ಕೆಲವು ಸ್ತ್ರೀಯರು ಒಂದು ಬಿನ್ನವತ್ತಳೆಯನ್ನು ಹೊರಡಿಸಿ, ಖಾಸಗಿ ಜನರ ಕೈಯಲ್ಲಿ ಕೈಪಿಸ್ತೂಲುಗಳು ಇರಕೂಡದೆಂದು ಪಾರ್ಲಿಮೆಂಟನ್ನು ಕೇಳಿಕೊಂಡರು. ಏಳು ಲಕ್ಷಕ್ಕೂ ಹೆಚ್ಚು ಮಂದಿ ರುಜು ಹಾಕಿದರು. ಇತ್ತ ಸರ್ಕಾರವು ಲಾರ್ಡ್ ಕಲನ್ ಎಂಬ ನ್ಯಾಯಾಧೀಶರನ್ನು ವಿಚಾರಣೆಗೆ ನೇಮಿಸಿದ್ದಿತು. ಅವರ ವರದಿಯು ಅದೇ ವರ್ಷ ಅಕ್ಟೋಬರಿನಲ್ಲಿ ಹೊರಬಿದ್ದಿತು. ಅದು ಮಿತವಾದ ವರದಿ. ಆದರೆ ಜನಾಭಿಪ್ರಾಯವು ವರದಿಯನ್ನು ದಾಟಿ ಮುಂದಕ್ಕೆ ಹೋಗಿದ್ದಿತು. 1997ರಲ್ಲಿ ಕನ್ಸರ್ವೇಟಿವ್ ಪಕ್ಷದ ಸರ್ಕಾರವು ದೊಡ್ಡ ಅಳತೆಯ ಕೈಪಿಸ್ತೂಲುಗಳನ್ನು ನಿಷೇಧಿಸಿತು. ಅದೇ ವರ್ಷದ ಚುನಾವಣೆಯಲ್ಲಿ ಗೆದ್ದುಬಂದ ಲೇಬರ್ ಪಕ್ಷವು ಎರಡನೆಯ ಶಾಸನವನ್ನು ತಂದು, ಉಳಿದಿದ್ದ ಸಣ್ಣ ಅಳತೆಯವನ್ನೂ ನಿಷೇಧಿಸಿತು. ಜನರು ತಮ್ಮ ಪಿಸ್ತೂಲುಗಳನ್ನು ಪೋಲೀಸ್ ಠಾಣೆಗಳಿಗೆ ತಂದೊಪ್ಪಿಸಿ ಪರಿಹಾರದ ಹಣವನ್ನು ಪಡೆದರು. ಹೀಗೆ ಬಂದುವು ಒಂದು ಲಕ್ಷದ ಅರುವತ್ತು ಸಾವಿರಕ್ಕೂ ಮೇಲ್ಪಟ್ಟು.

ಪ್ರತಿಪಕ್ಷದವರ ವಾದವನ್ನೂ ಹೇಳಬೇಕು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಹೋಗುವುದು ನಮ್ಮ ಶಾಸ್ತ್ರಪದ್ಧತಿಯಲ್ಲ. ಒಬ್ಬ ದುರುಳನ ಸಲುವಾಗಿ ಸಾವಿರಾರು ಸಭ್ಯರ ವಿನೋದವನ್ನು ಏಕೆ ಕಸಿಯಬೇಕು, ತಪ್ಪು ಲೈಸೆನ್ಸು ಕೊಟ್ಟವರದಲ್ಲವೆ, ಎಂದು ಗುರಿಕಾರರ ಸಂಘಗಳು ಕೇಳಿದುವು. ಈ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ನಿಷೇಧವಾದ ಮೇಲೆಯೂ ಕೆಲವು ವರ್ಷ ಪಿಸ್ತೂಲಿನ ಅಪರಾಧಗಳ ಲೆಕ್ಕವು ಇಳಿಯುವುದಕ್ಕೆ ಬದಲಾಗಿ ಏರಿತು, ಅನಂತರವೇ ಇಳಿಮುಖವಾಯಿತು. ಕಳ್ಳನು ಠಾಣೆಗೆ ಬಂದು ಆಯುಧವನ್ನು ಒಪ್ಪಿಸುವನೆ? ಇದಲ್ಲದೆ ಬೇಟೆಯ ಬಂದೂಕುಗಳು ಅಲ್ಲಿ ಲೈಸೆನ್ಸಿನ ಮೇಲೆ ಉಳಿದುಕೊಂಡುವು. 2010ರಲ್ಲಿ ಕಂಬ್ರಿಯಾ ಸೀಮೆಯಲ್ಲಿ ಒಬ್ಬನು ಅಂಥ ಬಂದೂಕುಗಳಿಂದಲೇ 12 ಮಂದಿಯನ್ನು ಕೊಂದನು. 2021ರಲ್ಲಿ ಪ್ಲಿಮತ್ ಪಟ್ಟಣದಲ್ಲಿ ಐವರನ್ನು ಕೊಂದವನಿಂದ ಪೋಲೀಸಿನವರು ಮೊದಲು ಬಂದೂಕನ್ನು ಕಿತ್ತುಕೊಂಡಿದ್ದು, ಕೆಲವೇ ವಾರಗಳ ಹಿಂದೆ ಹಿಂದಕ್ಕೆ ಕೊಟ್ಟಿದ್ದರು. ಮತ್ತೆ ದ್ರೋಣಾಚಾರ್ಯರೇ! ಇಷ್ಟೆಲ್ಲ ನಿಜ. ಆದರೆ ಡನ್‌ಬ್ಲೇನಿನಂಥ ಹತ್ಯೆಯು ಆಮೇಲೆ ಬ್ರಿಟನ್ನಿನ ಇನ್ನಾವ ಶಾಲೆಯಲ್ಲಿಯೂ ನಡೆದಿಲ್ಲವೆಂಬುದೂ ಅಷ್ಟೇ ನಿಜ. ಕಾಯಿದೆಯೊಂದರಿಂದಲೇ ಹೀಗಾಯಿತೆಂದು ನಾನು ಪ್ರಮಾಣಮಾಡಿ ಹೇಳಲಾರೆನು. ಆದರೆ ಮಕ್ಕಳ ತಂದೆತಾಯಿಗಳು ಬೇಡಿದ್ದು ಇದೊಂದನ್ನೇ.

ಅಮೆರಿಕಾದ ಕಥೆಯು ಬೇರೆ. ಅಲ್ಲಿ ಆಯುಧವನ್ನು ಇಟ್ಟುಕೊಳ್ಳುವುದು ವಿನೋದವಲ್ಲ, ಹಕ್ಕು. 1791ರಲ್ಲಿ ರಾಜ್ಯಘಟನೆಗೆ ಮಾಡಿದ ಎರಡನೆಯ ತಿದ್ದುಪಡಿಯು ಜನರ ಶಸ್ತ್ರಧಾರಣೆಯ ಹಕ್ಕಿಗೆ ಭಂಗ ತರಕೂಡದೆಂದು ವಿಧಿಸುತ್ತದೆ. ಅದೇ ವಾಕ್ಯದ ಮೊದಲಲ್ಲಿ ಊರ ಕಾವಲಿನ ದಂಡಿನ ಪ್ರಸ್ತಾಪವೂ ಇದೆ. ಹಾಗಾದರೆ ಹಕ್ಕು ದಂಡಿಗೆ ಸೇರಿದ್ದೋ ಪ್ರತಿಯೊಬ್ಬನಿಗೂ ಸೇರಿದ್ದೋ? ಒಂದೇ ವಾಕ್ಯದ ಅನ್ವಯಕ್ಕಾಗಿ ಇಷ್ಟು ಕಾಲ ನಡೆದ ವಾದವನ್ನು ಮೀಮಾಂಸಕರೂ ನೋಡಿ ತಲೆದೂಗಬೇಕು. 2008ರಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ಅದು ಪ್ರತಿಯೊಬ್ಬನ ಹಕ್ಕೆಂದು ತೀರ್ಪು ಕೊಟ್ಟಿತು. 2022ರಲ್ಲಿ ಮನೆಯ ಹೊರಗೂ ಆಯುಧವನ್ನು ಒಯ್ಯುವ ಹಕ್ಕಿದೆಯೆಂದಿತು. 2024ರಲ್ಲಿ, ಮನೆಯವರನ್ನು ಹಿಂಸಿಸಿದನೆಂದು ಕೋರ್ಟಿನಿಂದ ತಡೆಯಾಜ್ಞೆಗೆ ಗುರಿಯಾದವನ ಕೈಯಿಂದ ಆಯುಧವನ್ನು ತೆಗೆಯಬಹುದೆಂದೂ ಒಪ್ಪಿತು.

2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಎಂಬ ಶಾಲೆಯಲ್ಲಿ 20 ಎಳೆಯ ಮಕ್ಕಳೂ 6 ಮಂದಿ ದೊಡ್ಡವರೂ ಹತರಾದಾಗ, ಅಲ್ಲಿಯೂ ಡನ್‌ಬ್ಲೇನಿನಂತೆ ಕಾಯಿದೆ ಬದಲಾಗುವುದೆಂದು ಅನೇಕರು ನಂಬಿದರು. ಕೋವಿಯನ್ನು ಕೊಳ್ಳುವವನ ಪೂರ್ವೋತ್ತರವನ್ನು ಹೆಚ್ಚು ಸಂದರ್ಭಗಳಲ್ಲಿ ವಿಚಾರಿಸಬೇಕೆಂಬ ಮಸೂದೆಯು ಮುಂದಿನ ಏಪ್ರಿಲಿನಲ್ಲಿ ಸೆನೆಟ್ ಸಭೆಗೆ ಬಂದಿತು. ಪರವಾಗಿ 54, ವಿರುದ್ಧವಾಗಿ 46 ಮತಗಳು ಬಿದ್ದುವು. ಆದರೂ ಮಸೂದೆಯು ಬಿದ್ದುಹೋಯಿತು. ಏಕೆಂದರೆ ಅಲ್ಲಿಯ ಸಂಪ್ರದಾಯದಂತೆ 60 ಬೇಕಾಗಿದ್ದಿತು. ಹತ್ತು ವರ್ಷ ತುಂಬುವುದರೊಳಗಾಗಿ, 2022ರ ಮೇ ತಿಂಗಳಲ್ಲಿ, ಟೆಕ್ಸಾಸ್ ಪ್ರಾಂತದ ಯುವಾಲ್ಡಿ ಪಟ್ಟಣದ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಸತ್ತರು. ಕೊಂದವನು ಹದಿನೆಂಟು ತುಂಬಿದ ಕೂಡಲೆ ಕೋವಿಯನ್ನು ಅಂಗಡಿಯಲ್ಲಿ ಕಾಯಿದೆ ಪ್ರಕಾರವೇ ಕೊಂಡಿದ್ದನು. ಆ ಬಳಿಕ ಜೂನಿನಲ್ಲಿ ಉಭಯಪಕ್ಷಗಳೂ ಕೂಡಿ ಒಂದು ಶಾಸನವನ್ನು ಮಾಡಿದುವು: ಇಪ್ಪತ್ತೊಂದು ತುಂಬದವರು ಕೊಳ್ಳುವಾಗ ಹೆಚ್ಚಿನ ವಿಚಾರಣೆಯಾಗಬೇಕು ಎಂಬುದು ಅದರಲ್ಲೊಂದು.

ಮಗಳ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ವೃದ್ಧರೊಬ್ಬರಿದ್ದರು. ತೋಟಗಾರಿಕೆಯಲ್ಲಿ ಪ್ರೀತಿಯುಳ್ಳವರು, ಮಾತು ಕಡಮೆ, ನಡತೆ ಮೃದು. ಬೇಲಿಯ ಬಳಿ ನಿಂತು ಟೊಮೆಟೋ ಗಿಡದ ಮಾತಿನಿಂದ ಆರಂಭಿಸಿ ನಾವು ಈ ವಿಷಯಕ್ಕೆ ಬಂದೆವು. ತಮ್ಮ ಮನೆಯಲ್ಲಿ ಐದು ಕೋವಿಗಳಿವೆಯೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ಯುವಾಲ್ಡಿಯಲ್ಲಿ ಪೋಲೀಸಿನವರು ಒಂದು ಗಂಟೆಗೂ ಹೆಚ್ಚು ಕಾಲ ಹೊರಗೆ ನಿಂತಿದ್ದರು. ಅವರನ್ನು ನಂಬಿ ನಾನು ಬರಿಗೈಯಲ್ಲಿ ಕೂಡಬೇಕೆ?" ಎಂದು ಕೇಳಿದರು. ಆ ಶಾಲೆಯ ಬಳಿಗೆ ಬಂದಿದ್ದ ಆಯುಧಪಾಣಿಗಳಾದ ಅಧಿಕಾರಿಗಳು 376 ಮಂದಿ ಎಂದು ಅಲ್ಲಿಯ ಶಾಸನಸಭೆಯ ವರದಿಯೇ ಹೇಳುತ್ತದೆ. ನಾನು, "ಅಷ್ಟು ಕೋವಿಗಳಿದ್ದರೂ ಆ ಮಕ್ಕಳಿಗೆ ಏನೂ ಆಗಲಿಲ್ಲವಷ್ಟೆ" ಎಂದೆನು. ಇಬ್ಬರೂ ಒಂದೇ ಸಂಗತಿಯಿಂದ ಎರಡು ಅರ್ಥಗಳನ್ನು ತೆಗೆದಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈಗೆ ನಾಲ್ಕು ಹಣ್ಣುಗಳನ್ನು ಕೊಟ್ಟು ಒಳಕ್ಕೆ ಹೋದರು.

ಶಾಲೆಯ ಹತ್ಯೆಗಳು ಪತ್ರಿಕೆಗಳ ಮುಖಪುಟದಲ್ಲಿ ಬರುತ್ತವೆ. ಆದರೆ ಗೃಹಸ್ಥರು ಯೋಚಿಸಬೇಕಾದ ಲೆಕ್ಕವು ಇನ್ನೊಂದಿದೆ. 2023ರಲ್ಲಿ ಅಮೆರಿಕಾದಲ್ಲಿ ಗುಂಡಿನಿಂದ ಸತ್ತವರು ಸುಮಾರು 46,700 ಮಂದಿ. ಇವರಲ್ಲಿ ಸುಮಾರು 27,300 ಮಂದಿ ತಮ್ಮ ಕೈಯಿಂದ ತಾವೇ ಸತ್ತವರು. ಅರ್ಥಾತ್, ಕಳ್ಳನಿಗೆಂದು ಇಟ್ಟ ಕೋವಿಯು ಬಹಳ ಮಾಡಿ ಮನೆಯವರ ಕಡೆಗೇ ತಿರುಗುತ್ತದೆ. ಪರೀಕ್ಷೆಯಲ್ಲಿ ಬಿದ್ದ ಹುಡುಗನೋ, ಕೆಲಸ ಹೋದ ಯಜಮಾನನೋ ಒಂದು ಕೆಟ್ಟ ಗಳಿಗೆಯನ್ನು ದಾಟಿಕೊಂಡರೆ ಸಾಕು, ಮರುದಿನ ಬೆಳಕು ಹರಿಯುತ್ತದೆ. ನನ್ನ ಶಿಷ್ಯರಲ್ಲಿ ಹಾಗೆ ದಾಟಿಕೊಂಡು ಈಗ ಮಕ್ಕಳೊಂದಿಗರಾಗಿ ಬಾಳುತ್ತಿರುವವರನ್ನು ಬಲ್ಲೆನು. ಕೋವಿಯು ಕೈಗೆಟುಕುವಂತಿದ್ದರೆ ಆ ಗಳಿಗೆಯನ್ನು ದಾಟಲು ಅವಕಾಶವೇ ಇರುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆ, ಬೇರೆಡೆಯಲ್ಲಿಟ್ಟ ತೋಟಾ, ಇವು ಆ ಗಳಿಗೆಯನ್ನು ಸ್ವಲ್ಪ ಉದ್ದಮಾಡುವ ಉಪಾಯಗಳು.

ನಮ್ಮಲ್ಲಿ ಸ್ಥಿತಿಯೇನೆಂದು ಕೇಳಬಹುದು. ಆಂಗ್ಲೇಯರು 1878ರಲ್ಲಿ ಆಯುಧಗಳ ಕಾಯಿದೆಯನ್ನು ಮಾಡಿದ್ದು ನಮ್ಮ ಹಿತಕ್ಕಲ್ಲ, ತಮ್ಮ ಭಯಕ್ಕೆ. ಸ್ವಾತಂತ್ರ್ಯಾನಂತರ 1959ರಲ್ಲಿ ಹೊಸ ಕಾಯಿದೆ ಬಂದರೂ ಲೈಸೆನ್ಸಿನ ಕಟ್ಟುಪಾಡು ಬಿಗಿಯಾಗಿಯೇ ಉಳಿಯಿತು. 2019ರ ತಿದ್ದುಪಡಿಯಿಂದ, ಸಾಮಾನ್ಯವಾಗಿ ಒಬ್ಬನು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಪ್ರಸಿದ್ಧವಾದ ಒಂದು ಅಪವಾದ ನಮ್ಮ ಕೊಡಗು. 1861ರಿಂದ ಬಂದ ರಿಯಾಯಿತಿಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ನನ್ನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕೊಡಗಿನ ಉಪಾಧ್ಯಾಯರೊಬ್ಬರು ಕೈಲ್‌ಪೊಳ್ದ್ ಹಬ್ಬಕ್ಕೆ ಕರೆದೊಯ್ದಿದ್ದರು. ದೇವರ ಕೋಣೆಯಲ್ಲಿ ಕೋವಿಯನ್ನು ಒರಗಿಸಿ, ಗಂಧವನ್ನು ಹಚ್ಚಿ, ಕೋವಿಯ ಹೂವೆಂದೇ ಅರ್ಥವಾಗುವ ತೋಕ್‌ಪೂವನ್ನು ಮುಡಿಸಿದ್ದರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟೆಂದು ಅವರ ತಾಯಿ ಹೇಳಿದರು. ನಾನು ಕುತೂಹಲದಿಂದ ಕೈಚಾಚಿದಾಗ ಆ ವೃದ್ಧೆ, "ಮೇಷ್ಟ್ರೇ, ಸ್ನಾನ ಆಗಿದೆಯೋ?" ಎಂದು ಕೇಳಿದ್ದನ್ನು ಮರೆಯಲಾರೆ. ಪೂಜೆಯ ವಸ್ತುವಿಗೆ ಭಯವೂ ಮಡಿಯೂ ಇರುತ್ತದೆ. ಅಂಗಡಿಯ ವಸ್ತುವಿಗೆ ಬೆಲೆ ಮಾತ್ರ.

ಹಾಗೆಂದು ನಮ್ಮ ಕಾಯಿದೆಯ ವಿಷಯದಲ್ಲಿ ಹೆಮ್ಮೆಪಡುವುದಕ್ಕೂ ಇಲ್ಲ. 2015ರ ಆಗಸ್ಟ್ 30ರಂದು ಬೆಳಿಗ್ಗೆ ಧಾರವಾಡದಲ್ಲಿ, ವಚನಸಾಹಿತ್ಯದ ಮಹಾವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಕ್ಕಿ ಕೊಂದರು. ಅದಕ್ಕೆ ಉಪಯೋಗಿಸಿದ್ದು ನಾಡಪಿಸ್ತೂಲು; ಯಾವ ಲೈಸೆನ್ಸಿನ ಪುಸ್ತಕದಲ್ಲಿಯೂ ಇಲ್ಲದ್ದು. ಬಾಗಿಲು ಬಡಿದವನು ಶಿಷ್ಯನೋ ಓದುಗನೋ ಎಂದು ತೆರೆಯುವುದು ನಮ್ಮಲ್ಲಿ ವಿದ್ಯಾವಂತರ ಮನೆಯ ಪದ್ಧತಿ. ನಾನು ಇಂದಿಗೂ ಹಾಗೆಯೇ ತೆರೆಯುತ್ತೇನೆ.

ಅಮೆರಿಕಾದಿಂದ ಹೊರಡುವುದಕ್ಕೆ ಒಂದು ವಾರ ಮುಂಚೆ ನೆರೆಮನೆಗೆ ವೃದ್ಧರ ಮೊಮ್ಮಗ ಬಂದಿದ್ದನು. ನಮ್ಮ ಮಗುವಿನ ವಯಸ್ಸಿನವನೇ. ಮಧ್ಯಾಹ್ನ ಆಡುವುದಕ್ಕೆ ಕಳುಹಿಸಿರೆಂದು ಅವರು ಕೇಳಿದರು. ಮಗು ಕುಣಿಯುತ್ತಿದ್ದಿತು. ಮಗಳು ನನ್ನ ಮುಖವನ್ನು ನೋಡಿ ಮೆಲ್ಲಗೆ, "ಅಪ್ಪ, ಮಕ್ಕಳನ್ನು ಬೇರೆಯವರ ಮನೆಗೆ ಕಳುಹಿಸುವಾಗ ಕೋವಿಯನ್ನು ಹೇಗೆ ಇಟ್ಟಿದ್ದೀರಿ ಎಂದು ಕೇಳಿ ಕಳುಹಿಸಿ ಎಂದು ಇಲ್ಲಿ ಡಾಕ್ಟರರೇ ಹೇಳುತ್ತಾರೆ. ಇವರನ್ನು ಹೇಗೆ ಕೇಳಲಿ? ಅಷ್ಟು ಒಳ್ಳೆಯವರು" ಎಂದಳು. ಒಬ್ಬರ ಮನೆಗೆ ಹೋಗುವಾಗ ಹಣ್ಣು ಕಾಯಿಗಳನ್ನು ಒಯ್ಯುವ ವಿಚಾರವನ್ನು ನಾನು ಅವಳಿಗೆ ಕಲಿಸಿದ್ದೆನೇ ಹೊರತು ಇಂಥ ಪ್ರಶ್ನೆಯನ್ನು ಕೇಳುವ ಕ್ರಮವನ್ನು ಕಲಿಸಿರಲಿಲ್ಲ. "ನಾನೇ ಕೇಳುತ್ತೇನೆ, ನಡೆ" ಎಂದು ಮಗುವಿನ ಕೈ ಹಿಡಿದು ಹೊರಟೆನು.

ನನ್ನ ಹರಕು ಇಂಗ್ಲೀಷಿನಲ್ಲಿ ಕೇಳಿದಾಗ ಆ ವೃದ್ಧರು ನೊಂದುಕೊಳ್ಳಲಿಲ್ಲ. ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು, ಗೋಡೆಗೆ ಬಿಗಿದಿದ್ದ ಉಕ್ಕಿನ ಬೀರುವನ್ನು ತೋರಿಸಿ, ಹಿಡಿಯನ್ನು ಎರಡು ಸಲ ಜಗ್ಗಿ, ಕೊರಳಿನ ಸರಪಣಿಯಲ್ಲಿದ್ದ ಬೀಗದ ಕೈಯನ್ನು ಅಂಗಿಯಿಂದ ಹೊರಕ್ಕೆ ತೆಗೆದು ತೋರಿಸಿದರು. ಆಮೇಲೆ, ಇನ್ನು ಮೇಲೆ ತಾವೂ ಎಲ್ಲರನ್ನೂ ಕೇಳಿಯೇ ಮೊಮ್ಮಗನನ್ನು ಕಳುಹಿಸುವೆನೆಂದು ಹೇಳಿದರು. ಮಕ್ಕಳಿಬ್ಬರೂ ಹಿತ್ತಿಲಿಗೆ ಓಡಿದರು. ನಾನು ವಂದಿಸಿ ಮನೆಗೆ ಬಂದು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಪುಸ್ತಕವನ್ನು ತೆರೆದೆನು. ಮಗು ಹಿಂದಕ್ಕೆ ಬರುವವರೆಗೆ, ಸುಮಾರು ಎರಡು ಗಂಟೆಯ ಕಾಲ, ಆ ಪುಸ್ತಕದ ಒಂದು ಪುಟವನ್ನೂ ಮಗುಚಲಿಲ್ಲ.